ಮೊಕ್ಕಾಮಿನಿಂದ ಮೊಕ್ಕಾಮಿಗೆ: ಗದಗ ಸೀಮೆಯ ನಾಟಕ ಕಂಪನಿಗಳ ಅಲೆದಾಟ

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರ ಇಂದು ಒಂದೇ ಜಿಲ್ಲೆಗೆ ಸೇರಿದ ಊರುಗಳಾಗಿದ್ದರೂ, ವೃತ್ತಿ ರಂಗಭೂಮಿ ಈ ಸೀಮೆಯಲ್ಲಿ ಬೇರೂರಿದ ಕಾಲದಲ್ಲಿ ಅವು ಮೂರು ಬೇರೆ ಬೇರೆ ಆಡಳಿತಗಳ ಕೈಯಲ್ಲಿದ್ದವು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಒಂದು ಹಗಲಿನ ಚಕ್ಕಡಿ ಪಯಣದೊಳಗೆ ಎರಡು ಗಡಿ ದಾಟಬೇಕಾಗಿದ್ದ ಇಂಥ ಸೀಮೆಯಲ್ಲಿ ಹುಟ್ಟಿದ ನಾಟಕ ಕಂಪನಿಗಳು ಒಂದೂರಿನ ಹೆಸರು ಹೊತ್ತು ಹತ್ತೂರಿನಲ್ಲಿ ಬದುಕಿದವು. ಅವುಗಳಲ್ಲಿ ದುಡಿದವರಾದರೋ ಒಂದು ಕಸುಬಿಗೆ ಹೊರಟು ಇನ್ನೊಂದನ್ನು ಹಿಡಿದರು, ಮೂರನೆಯದರಲ್ಲಿ ಹೆಸರು ಮಾಡಿದರು. ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಂಪನಿಗಳು ಸ್ಥಾಪನೆಯಾದ ವರ್ಷ, ಆಡಿದ ನಾಟಕಗಳ ಪಟ್ಟಿ ಮತ್ತು ಮುಚ್ಚಿದ ವರ್ಷವನ್ನು ದಾಖಲಿಸಿ, ಮುಚ್ಚಿದ್ದನ್ನು ಸೋಲೆಂದು ಎಣಿಸಿದ್ದಾರೆ. ಗದಗ ಸೀಮೆಯ ಮಟ್ಟಿಗೆ ಈ ಲೆಕ್ಕ ಸರಿಹೊಂದುವುದಿಲ್ಲ, ಏಕೆಂದರೆ ಇಲ್ಲಿ ಕಂಪನಿ ಒಡೆದದ್ದರಿಂದ, ಪಯಣ ತಪ್ಪಿದ್ದರಿಂದ, ಎಣಿಸಿದ್ದು ನಡೆಯದೆ ಹೋದದ್ದರಿಂದ ಬೆಳೆದು ಬಂದದ್ದು ಸಂಗೀತಕ್ಕೂ ರಂಗಕ್ಕೂ ಬಲು ದೊಡ್ಡ ಪಾಲು.

ಸಾಂಗಲಿಯ ನಂಟು ಇಲ್ಲಿ ಮುಖ್ಯವಾದದ್ದು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ, ಅಂದರೆ ಯಕ್ಷಗಾನ ಆಡುವ ತಂಡ, 1842ರಲ್ಲಿ ಸಾಂಗಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಮುಂದೆ ಆಟ ಆಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕರು ಅಂಥದನ್ನೇ ಮರಾಠಿಯಲ್ಲಿ ಕಟ್ಟಲು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು, 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. 1851ರಲ್ಲಿ ಚಿಂತಾಮಣರಾಯರು ತೀರಿಕೊಂಡ ಮೇಲೆ ಅರಮನೆಯ ಆಸರೆ ಕಳೆದುಕೊಂಡ ಭಾವೆಯವರು ತಂಡ ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. ದೊರೆಯ ಸಾವಿನಿಂದ ಹುಟ್ಟಿದ ಈ ಅಲೆದಾಟವೇ ಟಿಕೀಟು ಹಚ್ಚಿ ನಾಟಕ ಆಡುವ ಪದ್ಧತಿಗೆ ದಾರಿ ಮಾಡಿತು ಎಂಬುದನ್ನು ಗಮನಿಸಬೇಕು. ಕನ್ನಡದ ಆಟದಿಂದ ಮರಾಠಿಗೆ ಹೋದ ಪ್ರೇರಣೆ ಮುಂದಿನ ಎರಡು ಮೂರು ದಶಕಗಳಲ್ಲಿ ಮರಾಠಿ ಕಂಪನಿಗಳ ರೂಪದಲ್ಲಿ ಕನ್ನಡ ಸೀಮೆಗೆ ಮರಳಿತು. ಧಾರವಾಡ, ಹುಬ್ಬಳ್ಳಿ, ಗದಗದ ಪ್ರೇಕ್ಷಕರು ತಮ್ಮದಲ್ಲದ ಭಾಷೆಯ ನಾಟಕಕ್ಕೆ ಕಾಸು ಕೊಟ್ಟು ಕೂರುವಂತಾಯಿತು.

ಈ ಸ್ಥಿತಿಯನ್ನು ಸಹಿಸದೆ ಕನ್ನಡದಲ್ಲಿಯೇ ಮಂಡಳಿ ಕಟ್ಟಿದವರು ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920). ವೃತ್ತಿಯಿಂದ ಶಾಲಾ ಮಾಸ್ತರರಾಗಿದ್ದ ಅವರು 1870ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣರಾಗಿದ್ದಾಗ, ಗದುಗಿನ ವೀರನಾರಾಯಣನ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಕೃತಪುರವೆಂಬುದು ಗದಗಿನ ಹಳೆಯ ಹೆಸರು, ವೀರನಾರಾಯಣನಾದರೋ ಕುಮಾರವ್ಯಾಸನ ಇಷ್ಟದೈವ. ಅವರು ಬರೆದ ‘ಉಷಾಹರಣ’ ಈ ಭಾಗದಲ್ಲಿ ಕನ್ನಡ ವೃತ್ತಿ ನಾಟಕದ ಮೊದಲ ಹೆಜ್ಜೆಯೆಂದು ಪರಿಗಣಿತವಾಗಿದೆ. ಅದೇ ದಶಕದ 1876–78ರ ಕ್ಷಾಮ ಧಾರವಾಡ, ವಿಜಾಪುರ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳನ್ನು ಬರಿದು ಮಾಡಿತ್ತು ಎಂಬುದನ್ನು ನೆನೆದರೆ, ಹೊಟ್ಟೆಗಿಲ್ಲದ ಕಾಲದಲ್ಲಿ ಮಂಡಳಿ ಕಟ್ಟಿದವರ ಎದೆಗಾರಿಕೆ ಎಂಥದೆಂದು ತಿಳಿಯುತ್ತದೆ. ಶಾಂತಕವಿಗಳ ಬದುಕು ಮಾತ್ರ ನಾಟಕದಲ್ಲಿಯೇ ನಿಲ್ಲಲಿಲ್ಲ. ಮಾಸ್ತರಿಕೆಯಿಂದ ನಾಟಕಕ್ಕೆ ಬಂದವರು ಮುಂದೆ ಕೀರ್ತನಕಾರರಾಗಿ, ಕೈಯಲ್ಲಿ ತಾಳ ಹಿಡಿದು ಊರೂರಿನ ಗುಡಿಗಳಲ್ಲಿ ನಿಂತು, ಕನ್ನಡ ನಾಡಿನ ಕಥೆಯನ್ನು ಹರಿಕಥೆಯ ಧಾಟಿಯಲ್ಲಿ ಹೇಳತೊಡಗಿದರು. ಪರದೆ, ವೇಷ, ನಟರ ಸಂಬಳ ಯಾವುದೂ ಬೇಡದ ಕೀರ್ತನ ಒಬ್ಬನೇ ಹೊತ್ತು ಸಾಗಬಹುದಾದ ರಂಗವಾಗಿತ್ತು. ಇದನ್ನು ನಾಟಕಕಾರನ ಹಿನ್ನಡೆಯೆಂದು ಓದುವುದಕ್ಕಿಂತ, ಕನ್ನಡದ ಅಭಿಮಾನವನ್ನು ಜನರ ಕಿವಿಗೆ ಮುಟ್ಟಿಸಬೇಕೆಂಬ ಒಂದೇ ಹಂಬಲ ಕಾಲಕ್ಕೆ ತಕ್ಕ ವೇಷ ತೊಟ್ಟಿತೆಂದು ಓದುವುದು ಹೆಚ್ಚು ನ್ಯಾಯವಾದದ್ದು.

ಬರದ ಬೆನ್ನಿಗೇ ಬಂದದ್ದು ರೈಲು. ಬರ ಬಿದ್ದಾಗ ಕಾಳು ಸಾಗಿಸಲು ದಾರಿಯಿರಲಿಲ್ಲವೆಂಬ ಪಾಠದಿಂದ 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದೇ ದಶಕದಲ್ಲಿ ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಾಪುರದ ಮೇಲೆ ಹಾಯ್ದು ಬರುವ ಹಳಿಯನ್ನೂ ಬಳ್ಳಾರಿ ಮತ್ತು ಹುಬ್ಬಳ್ಳಿಯ ಹಳಿಗಳನ್ನೂ ಗದಗಿನಲ್ಲಿ ಕೂಡಿಸಿತು. ಹತ್ತಿಯ ಪೇಟೆಯಾಗಿದ್ದ ಗದಗ ಇದರಿಂದ ಮೂರು ದಿಕ್ಕಿನ ಕೂಡುನಿಲ್ದಾಣವಾಯಿತು, ನಾಟಕ ಕಂಪನಿಗಳಿಗೆ ಸಾಮಾನು ಹೇರಿಕೊಂಡು ದೂರದ ಊರುಗಳಿಗೆ ಹೋಗುವ ಅನುಕೂಲ ಸಿಕ್ಕಿತು. ಆದರೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಗೆ ಆ ಹಳಿ ತಲುಪಲಿಲ್ಲ. ಹೀಗಾಗಿ ಈ ಸೀಮೆಯ ಕಂಪನಿಯ ಪಯಣವೆಂದರೆ ಅರ್ಧ ರೈಲು, ಅರ್ಧ ಚಕ್ಕಡಿ. ಎರೆಭೂಮಿಯ ದಾರಿಯಲ್ಲಿ ಮಳೆ ಬಿದ್ದರೆ ಗಾಲಿ ಹೂತು ನಿಂತು, ಹೇಳಿದ ದಿನಕ್ಕೆ ಆಟ ಆರಂಭವಾಗುವ ಖಾತರಿ ಯಾರಿಗೂ ಇರುತ್ತಿರಲಿಲ್ಲ.

ಕಂಪನಿ ಒಂದೂರಿನಲ್ಲಿ ಬೀಡು ಬಿಡುವುದಕ್ಕೆ ಮೊಕ್ಕಾಂ ಎಂದೂ ಮುಂದೆ ಕ್ಯಾಂಪು ಎಂದೂ ಹೇಳುತ್ತಿದ್ದರು. ಮೊಕ್ಕಾಮಿಗೆ ಮುನ್ನ ಮ್ಯಾನೇಜರನು ಒಬ್ಬನೇ ಊರಿಗೆ ಹೋಗಿ, ಸಂತೆ ಯಾವ ವಾರ, ಜಾತ್ರೆ ಯಾವ ತಿಂಗಳು, ಆ ವರ್ಷ ಹತ್ತಿಗೂ ಶೇಂಗಾಕ್ಕೂ ದರ ಹೇಗಿದೆ, ಊರ ಪ್ರಮುಖರು ಬಯಲು ಜಾಗ ಕೊಡುವರೋ ಇಲ್ಲವೋ ಎಂಬುದನ್ನೆಲ್ಲ ವಿಚಾರಿಸಿಕೊಂಡು ಬರುತ್ತಿದ್ದ; ಫಸಲು ಕೈಗೆ ಬಂದ ಮೇಲಿನ ತಿಂಗಳುಗಳೇ ಸುಗ್ಗಿ, ಮಳೆಗಾಲ ಕಂಪನಿಗೆ ಕಂಟಕ. ಜಾಗ ಗೊತ್ತಾದ ಮೇಲೆ ಬಿದಿರು ಗಳ ನೆಟ್ಟು, ಸುತ್ತ ತಟ್ಟಿ ಕಟ್ಟಿ, ಮೇಲೆ ತಗಡು ಹೊದಿಸಿದ ಥೇಟರು ಏಳುತ್ತಿತ್ತು. ಒಳಗೆ ನೆಲ, ಬೆಂಚು, ಕುರ್ಚಿಯೆಂದು ದರದ ಪ್ರಕಾರ ಜಾಗ ಹಂಚುತ್ತಿದ್ದರು. ಹೆಂಗಸರಿಗೆ ಬೇರೆ ಕಡೆ ಕೂಡುವ ವ್ಯವಸ್ಥೆ ಇರುತ್ತಿತ್ತು. ರಂಗದ ಮೇಲೆ ಅರಮನೆ, ಅಡವಿ, ಬೀದಿ, ದೇವಲೋಕದ ಚಿತ್ರ ಬರೆದ ಪರದೆಗಳು ಸುರುಳಿಯಾಗಿ ಮೇಲಕ್ಕೆ ಏರುತ್ತಿದ್ದವು. ಬದಿಗೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಅಂದರೆ ಕಾಲ್ಪೇಟಿ, ಇಟ್ಟುಕೊಂಡು ಪೇಟಿ ಮಾಸ್ತರನು ಕೂಡುತ್ತಿದ್ದ. ನಟ ಸುರ ಹಿಡಿದ ಎತ್ತರ ತಿಳಿದು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಾಗ ಹಾಡನ್ನು ಮತ್ತೆ ಎತ್ತಿಕೊಡುವ ಹೊಣೆ ಅವನದು. ಹಗಲು ಚಕ್ಕಡಿಯಲ್ಲೋ ಟಾಂಗಾದಲ್ಲೋ ಬೋರ್ಡು ಕಟ್ಟಿ, ಹಲಗೆ ಬಾರಿಸುತ್ತ ಹ್ಯಾಂಡ್‌ಬಿಲ್ ಹಂಚಿ, ರಾತ್ರಿ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಆರಂಭವಾದ ಆಟ ನಸುಕಿನವರೆಗೆ ನಡೆಯುತ್ತಿತ್ತು. ಗಲ್ಲಾ ಚೆನ್ನಾಗಿ ತುಂಬಿದರೆ ಮೊಕ್ಕಾಂ ತಿಂಗಳುಗಟ್ಟಲೆ ಬೆಳೆಯುತ್ತಿತ್ತು. ತುಂಬದಿದ್ದರೆ ಅಡಿಗೆಯ ಕಿರಾಣಿ ಉದ್ರಿ, ನಟರ ಪಗಾರ, ಮುಂದಿನೂರಿನ ಬಾಡಿಗೆ ಮೂರೂ ಒಮ್ಮೆಗೆ ಮೇಲೆ ಬಿದ್ದು, ಪರದೆಗಳನ್ನೇ ಒತ್ತೆಯಿಟ್ಟು ಊರು ಬಿಡಬೇಕಾಗುತ್ತಿತ್ತು. ಅಂಥ ಗಳಿಗೆಯಲ್ಲಿ ಒಬ್ಬ ನಟನ ಸಹಾಯಾರ್ಥವೆಂದೋ ಊರ ಶಾಲೆಯ ಸಹಾಯಾರ್ಥವೆಂದೋ ಬೆನಿಫಿಟ್ ಷೋ ಇಟ್ಟು, ಊರವರ ಮರ್ಯಾದೆಯನ್ನೂ ತಮ್ಮ ಮರ್ಯಾದೆಯನ್ನೂ ಉಳಿಸಿಕೊಂಡು ಹೊರಡುವುದು ರೂಢಿಯಾಗಿತ್ತು.

ರೋಗರುಜಿನ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿದ ಪರಿ ಬೇರೆಯೇ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಹಬ್ಬಿ, ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಮುಂದೆ 1918ರ ಇನ್‌ಫ್ಲುಯೆಂಜಾ ಜ್ವರ ಬಂತು. ಊರೇ ಖಾಲಿಯಾದಾಗ ನೂರಾರು ಜನರನ್ನು ಒಂದು ತಗಡಿನ ಕೆಳಗೆ ಕೂಡಿಸುವ ಕಸುಬು ನಡೆಯುವುದು ಸಾಧ್ಯವೇ ಇರಲಿಲ್ಲ.

ಇಷ್ಟಾದರೂ 20ನೆಯ ಶತಮಾನದ ಮೊದಲ ದಶಕಗಳೇ ಈ ಸೀಮೆಯ ಕಂಪನಿಗಳ ಭರದ ಕಾಲ. ಸಾಂಗಲಿ ಸಂಸ್ಥಾನದ ಶಿರಹಟ್ಟಿಯಿಂದ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿ ಹೊರಟಿತು. ಶಿರಹಟ್ಟಿ ಕಂಪನಿಯೆಂದೇ ಜನ ಕರೆದ ಈ ಮಂಡಳಿಯೂ ಶಿವಮೂರ್ತಿಸ್ವಾಮಿ ಕಣಬರಗಿಮಠರ ಕೊಣ್ಣೂರ ಕಂಪನಿಯೂ ಉತ್ತರ ಕರ್ನಾಟಕದ ನಾಟಕಕ್ಕೆ ಮರಾಠಿಯ ಸರಿಸಮ ನಿಲ್ಲುವ ಠೀವಿ ತಂದುಕೊಟ್ಟವು. ಗದಗಿನ ಗರೂಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿ, ನಟ, ನಾಟಕಕಾರ, ಮಾಲೀಕ ಮೂರೂ ತಾವೇ ಆಗಿ ‘ಪಾದುಕಾ ಪಟ್ಟಾಭಿಷೇಕ’, ‘ಎಚ್ಚಮನಾಯಕ’ದಂಥ ನಾಟಕಗಳನ್ನು ನಾಡಿನುದ್ದಕ್ಕೂ ಆಡಿದರು. ಅದೇ ಗದಗಿನಲ್ಲಿ ವಕೀಲಿ ಮಾಡುತ್ತಿದ್ದ ಹುಯಿಲಗೋಳ ನಾರಾಯಣರಾಯರು ಹವ್ಯಾಸಿ ತಂಡಕ್ಕಾಗಿ ನಾಟಕ ಬರೆದರು; 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ ನಾಡಗೀತೆಯ ಕವಿಯೂ ಅವರೇ. ವಕೀಲರು ನಾಟಕಕ್ಕೆ, ಮಾಸ್ತರರು ಕೀರ್ತನಕ್ಕೆ, ನಟರು ಮಾಲೀಕತ್ವಕ್ಕೆ ದಾಟುತ್ತಿದ್ದ ಊರಿನಲ್ಲಿ ಕಸುಬು ಬದಲಿಸುವುದನ್ನು ಯಾರೂ ಚಂಚಲತೆಯೆಂದು ಹಳಿದಂತೆ ತೋರುವುದಿಲ್ಲ.

ಲಕ್ಷ್ಮೇಶ್ವರದ ಪಾಲನ್ನು ಇಲ್ಲಿ ಒತ್ತಿ ಹೇಳಬೇಕು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ವಹಿಸುವುದು ರೂಢಿಯಾಗಿದ್ದ ಕಾಲದಲ್ಲಿ ಆ ಊರಿನ ಬಚ್ಚಾಸಾನಿಯವರು ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿಯನ್ನು ನಡೆಸಿದರು. ಹಾಡು ಮತ್ತು ಕುಣಿತವನ್ನು ಮನೆತನದ ವಿದ್ಯೆಯಾಗಿ ಕಲಿತಿದ್ದ ಹೆಣ್ಣುಮಕ್ಕಳಿಗೆ ಸಂಸ್ಥಾನಿಕರ ಮತ್ತು ಜಮೀನುದಾರರ ಆಶ್ರಯ ಕುಂದುತ್ತ ಹೋದಂತೆ, ಟಿಕೀಟಿನ ರಂಗ ದುಡಿದು ಉಣ್ಣುವ ಇನ್ನೊಂದು ದಾರಿಯಾಯಿತು; ಆದರೆ ಆ ದಾರಿಯಲ್ಲಿ ನಡೆದವರ ಹೆಸರಿನ ಮುಂದೆ ಸಮಾಜ ಗೌರವದ ಮಾತು ಸೇರಿಸಲು ಬಹಳ ಕಾಲ ಹಿಡಿಯಿತು. ಗರೂಡರ ನಾಟಕಗಳ ಬಗ್ಗೆ ಪುಟಗಟ್ಟಲೆ ಬರೆದ ಗ್ರಂಥಗಳು ಬಚ್ಚಾಸಾನಿಯವರ ಮಂಡಳಿಗೆ ಒಂದು ವಾಕ್ಯ ಕೊಟ್ಟು ಮುಂದೆ ಸಾಗುವುದು ನಮ್ಮ ಚರಿತ್ರೆ ಬರವಣಿಗೆಯ ದೊಡ್ಡ ಕೊರತೆ.

ಕಂಪನಿಗಳು ನಟರಷ್ಟೇ ಗಾಯಕರನ್ನೂ ಬೆಳೆಸಿದವು, ಅದೂ ಬಹುತೇಕ ಯಾರೂ ಎಣಿಸದ ರೀತಿಯಲ್ಲಿ. ಬಸವರಾಜ ರಾಜಗುರು ಹುಡುಗತನದಲ್ಲಿ ವಾಮನರಾವ ಮಾಸ್ತರರ ಕಂಪನಿ ಸೇರಿ ಹಾಡುತ್ತಿದ್ದವರು. ಅವರ ಕಂಠ ಸಂಗೀತ ಗುರು ಪಂಚಾಕ್ಷರ ಗವಾಯಿಗಳ ಕಿವಿಗೆ ಬಿದ್ದು, ನಟನಾಗಬೇಕಿದ್ದ ಹುಡುಗ ಶಿಷ್ಯನಾದ, 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರು ನೂರನೆಯ ವರ್ಷದ ಉತ್ಸವದಲ್ಲಿ ಹಾಡಿ ಹೆಸರಾದ. 1944ರಲ್ಲಿ ಗುರು ತೀರಿಕೊಂಡ ಮೇಲೆ ಮುಂಬಯಿಗೆ, ಅಲ್ಲಿಂದ ಹೊಸ ಗುರುಗಳನ್ನು ಅರಸಿ ಕರಾಚಿಗೆ ಹೋದ ಅವರನ್ನು 1947ರ ದೇಶ ವಿಭಜನೆಯ ಗಲಭೆ ತಾಯ್ನಾಡಿಗೆ ಮರಳಿಸಿತು. ಗದಗಿನ ಶಾಲಾ ಮಾಸ್ತರರೊಬ್ಬರ ಮಗ ಭೀಮಸೇನ ಜೋಶಿಯವರದು ಇನ್ನೂ ಪ್ರಸಿದ್ಧವಾದ ಪ್ರಕರಣ: 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ರೈಲು ಹತ್ತಿ, ಕೈಯಲ್ಲಿ ಕಾಸಿಲ್ಲದೆ ಹಾಡು ಹೇಳುತ್ತ ಪಯಣ ಮಾಡಿ, ಗ್ವಾಲಿಯರ್, ಕಲಕತ್ತೆ, ರಾಮಪುರಗಳೆಂದು ಉತ್ತರ ಭಾರತವನ್ನು ಸುತ್ತಿ, ಕೊನೆಗೆ ಜಲಂಧರದಲ್ಲಿ ತಂದೆಯ ಕೈಗೆ ಸಿಕ್ಕು ಊರಿಗೆ ಮರಳಿದರು. ಅಷ್ಟು ದೂರ ಅರಸಿದ ಗುರು ಗದಗಿನಿಂದ ರೈಲಿನಲ್ಲಿ ಕೆಲವೇ ತಾಸಿನ ಹಾದಿಯ ಕುಂದಗೋಳದಲ್ಲಿ ದೊರಕಿದರು. ಆ ಗುರು ಸವಾಯಿ ಗಂಧರ್ವರೂ ಬಹುಕಾಲ ಮರಾಠಿ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡಿ, ಅಲ್ಲಿಂದ ಕಛೇರಿಗೂ ಪಾಠಕ್ಕೂ ಹೊರಳಿದವರು. ಮೂರು ವರ್ಷದ ಆ ಅಲೆದಾಟ ವ್ಯರ್ಥವಾಯಿತೆಂದು ಹೇಳುವಂತಿಲ್ಲ, ಬೇರೆ ಬೇರೆ ಘರಾನೆಗಳ, ಅಂದರೆ ಗುರುಪರಂಪರೆಯಿಂದ ಬಂದ ಗಾಯನ ಪದ್ಧತಿಗಳ, ಧಾಟಿಯನ್ನು ಎಳೆಯ ಕಿವಿ ಕೇಳಿದ್ದು ಆಗಲೇ.

ಊರು ತಿರುಗುವ ಬದುಕನ್ನೇ ಸಂಸ್ಥೆಯಾಗಿ ಮಾಡಿದ ಹಿರಿಮೆ ಪಂಚಾಕ್ಷರ ಗವಾಯಿಗಳದು (1892–1944). ಹಾನಗಲ್ಲ ಸೀಮೆಯಲ್ಲಿ ಹುಟ್ಟಿದ, ಕಣ್ಣು ಕಾಣದ ಈ ಹುಡುಗನನ್ನು ಶಿವಯೋಗಮಂದಿರದ ಸ್ಥಾಪಕರಾದ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿಯನ್ನು ಕಲಿತು, ಕರ್ನಾಟಕ ಸಂಗೀತವನ್ನೂ ವಶ ಮಾಡಿಕೊಂಡ ಅವರನ್ನು ಉಭಯ ಗಾಯನ ವಿಶಾರದರೆಂದು ಜನ ಗೌರವಿಸಿದರು. ತಮ್ಮಂತೆಯೇ ಕುರುಡರಾದ, ಅನಾಥರಾದ, ಬಡವರಾದ ಮಕ್ಕಳಿಗೆ ವಿದ್ಯೆ ಕಲಿಸುವ ಅವರ ಪಾಠಶಾಲೆಗೆ ಬಹುಕಾಲ ಒಂದು ನೆಲೆಯಿರಲಿಲ್ಲ. ಗುರುವೂ ಶಿಷ್ಯರೂ ತಂಬೂರಿ, ಪೇಟಿ, ಅಡಿಗೆ ಪಾತ್ರೆ ಸಮೇತ ಊರಿಂದೂರಿಗೆ ಹೋಗುತ್ತ, ಭಕ್ತರು ನೀಡಿದ ಕಾಳಿನಲ್ಲಿ ದಾಸೋಹ ನಡೆಸುತ್ತ, ಇಳಿದುಕೊಂಡ ಮಠವನ್ನೋ ಗುಡಿಯನ್ನೋ ಶಾಲೆಯಾಗಿಸಿಕೊಳ್ಳುತ್ತಿದ್ದರು. ಭಿಕ್ಷೆಯೊಂದರಿಂದ ಇಷ್ಟು ಹೊಟ್ಟೆ ಹೊರೆಯಲಾಗದೆ ಅವರು ನಾಟಕ ಕಂಪನಿ ಕಟ್ಟಿದರು. ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಆ ರಂಗದಲ್ಲಿ ಸ್ತ್ರೀಪಾತ್ರ ಮಾಡಿದರು, ವಾದ್ಯ ನುಡಿಸಿದರು, ನಾಟಕ ಬರೆದರು. ಅಲೆದಾಟ ಕೊನೆಗೆ ಗದಗಿನಲ್ಲಿ ನಿಂತು, ದಾನಿಗಳು ಕೊಟ್ಟ ಜಾಗದಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯೂರಿತು. ಗುರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆರು ದಶಕಕ್ಕೂ ಹೆಚ್ಚು ಕಾಲ ಆಶ್ರಮವನ್ನು ಹೊತ್ತ ಪುಟ್ಟರಾಜರು, ಅದರ ಅನ್ನದ ಖರ್ಚಿಗೆ ನಾಟಕದ ಗಲ್ಲಾವನ್ನೇ ನೆಚ್ಚಿ ಕಂಪನಿಯನ್ನು ಜಾತ್ರೆ ಜಾತ್ರೆಗೆ ಕಳಿಸುತ್ತಿದ್ದರು. ಮನರಂಜನೆಯ ದುಡ್ಡು ಕುರುಡ ಮಕ್ಕಳ ತಾಟಿಗೆ ಅನ್ನವಾದ ಇಂಥ ಏರ್ಪಾಡು ಭಾರತದ ರಂಗಚರಿತ್ರೆಯಲ್ಲಿಯೇ ಅಪರೂಪದ್ದೆಂದು ಧೈರ್ಯವಾಗಿ ಹೇಳಬಹುದು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡ ಮೇಲೆ ಕಂಪನಿಗಳಿಗೆ ಹೊಸ ಪೈಪೋಟಿ ಬಂತು. ಎರಡನೆಯ ಮಹಾಯುದ್ಧ ಸೀಮೆಎಣ್ಣೆಯನ್ನೂ ಕಾಗದವನ್ನೂ ದುರ್ಲಭ ಮಾಡಿತು. ಹೆಸರಾಂತ ಮಂಡಳಿಗಳು ಒಂದೊಂದಾಗಿ ಪರದೆ ಸುತ್ತಿದವು. 1948ರಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದಾಗ, ಗಡಿಗಳಿದ್ದಾಗಲೇ ಅವನ್ನು ದಾಟಿ ಕನ್ನಡ ಆಡಿದ್ದ ಕಂಪನಿಗಳ ಪೈಕಿ ಹಲವು ಉಳಿದಿರಲಿಲ್ಲ. ಆಡುವವರು ಮಾತ್ರ ಉಳಿದಿದ್ದರು: ಪೇಟಿ ಮಾಸ್ತರರು ಊರೂರ ಭಜನಾ ಮೇಳಗಳಿಗೂ ಶಾಲೆಗಳಿಗೂ ಪಾಠ ಹೇಳಿದರು, ಹಳೆಯ ನಟರು ಹಳ್ಳಿಯ ಹವ್ಯಾಸಿಗಳಿಗೆ ಮಾತು ಕಲಿಸುವ ನಾಟಕದ ಮಾಸ್ತರರಾದರು, ಪರದೆ ಬರೆಯುವವರು ಅಂಗಡಿಯ ಬೋರ್ಡು ಬರೆದರು. ಯುಗಾದಿಗೋ ಜಾತ್ರೆಗೋ ಹಳ್ಳಿಯ ತರುಣರು ಇಂದಿಗೂ ನಾಟಕ ಹಾಕುವುದಿದ್ದರೆ, ಅದು ಹಾಗೆ ಚದುರಿಹೋದವರು ಬಿಟ್ಟುಹೋದ ವಿದ್ಯೆ. ಇವರಲ್ಲಿ ಎಷ್ಟೋ ಜನ ಮುಪ್ಪಿನಲ್ಲಿ ಆಸರೆಯಿಲ್ಲದೆ ಕಷ್ಟಪಟ್ಟರೆಂಬ ಸತ್ಯವನ್ನು ಈ ಹಿರಿಮೆಯ ಮಾತಿನಡಿ ಮುಚ್ಚಬಾರದು. ಕಲೆಗೆ ಲಾಭವಾದ ಅಲೆದಾಟದ ಬೆಲೆಯನ್ನು ತೆತ್ತವರು ಅವರು.

ಈ ಚರಿತ್ರೆಯ ಆಧಾರಗಳು ಗ್ರಂಥಾಲಯಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆಗಳಲ್ಲಿವೆ. ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ ಅಚ್ಚಾದ ಹ್ಯಾಂಡ್‌ಬಿಲ್ಲುಗಳು, ಪಾತ್ರಧಾರಿಗಳು ಕೈಯಿಂದ ನಕಲು ಮಾಡಿಕೊಂಡ ಮಾತಿನ ಪ್ರತಿಗಳು, ಮ್ಯಾನೇಜರರ ಜಮಾಖರ್ಚಿನ ವಹಿಗಳು, ವೇಷ ತೊಟ್ಟು ತೆಗೆಸಿಕೊಂಡ ಫೋಟೋಗಳು ಅಟ್ಟದ ಟ್ರಂಕುಗಳಲ್ಲಿ ಗೆದ್ದಲಿಗೆ ಈಡಾಗುತ್ತಿವೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಮನೆತನಗಳು ಅವನ್ನು ರದ್ದಿಗೆ ಹಾಕದೆ ಹತ್ತಿರದ ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕು, ಅಲ್ಲಿನವರು ಅವುಗಳ ಪ್ರತಿ ತೆಗೆದಿಟ್ಟು ಮೊಕ್ಕಾಮುಗಳ ಪಟ್ಟಿಯನ್ನು ಊರುವಾರು ಸಿದ್ಧಪಡಿಸಬೇಕು; ಆ ಕೆಲಸಕ್ಕೆ ಇನ್ನು ಹೆಚ್ಚು ಕಾಲ ಉಳಿದಿಲ್ಲ.